ಉಪ್ಪಿನ ಬಯಲಿನಲ್ಲೊಂದು ಗಡಿ

ಕನ್ನಡಿಗರಿಗೆ ‘ರಣ’ ಎಂದರೆ ಯುದ್ಧಭೂಮಿ. ರಣರಂಗ, ರಣಕಹಳೆ, ರಣಹದ್ದು ಎಲ್ಲವೂ ಅದೇ ಬಳಗದ ಮಾತುಗಳು. ಗುಜರಾತಿನ ಕಛ್ ಜಿಲ್ಲೆಯವರಿಗೆ ‘ರಣ್’ ಎಂದರೆ ಏನೂ ಬೆಳೆಯದ ಬರಡು ಬಯಲು. ಉಪ್ಪುನೆಲ ಎಂಬ ಅರ್ಥದ ‘ಇರಿಣ’ ಎಂಬ ಸಂಸ್ಕೃತ ಪದವೇ ಸವೆದು ರಣ್ ಆಯಿತೆಂದು ಬಲ್ಲವರು ಹೇಳುತ್ತಾರೆ. 1965ರ ಏಪ್ರಿಲ್ ತಿಂಗಳಲ್ಲಿ ಈ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಸೇರಿಕೊಂಡವು. ಹುಲ್ಲೂ ಹುಟ್ಟದ ಉಪ್ಪಿನ ಬಯಲಿಗಾಗಿ ಎರಡು ದೇಶಗಳು ಹೊಡೆದಾಡಿದವು. ದೇಶದ ಗಡಿಯನ್ನು ಕಾಯಬೇಕಾದವರು ಯಾರು, ಪೊಲೀಸರೋ ಸೈನಿಕರೋ ಎಂಬ ಪ್ರಶ್ನೆಗೆ ಭಾರತ ಉತ್ತರ ಹುಡುಕಿಕೊಂಡದ್ದು ಆ ಬೇಸಿಗೆಯ ನಂತರವೇ.

ಭುಜ್ ಪಟ್ಟಣದಿಂದ ಉತ್ತರಕ್ಕೆ ಹೊರಟರೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಖಾವಡಾ ಎಂಬ ಊರು ಸಿಗುತ್ತದೆ. ದಾರಿಯಲ್ಲಿ ಬನ್ನಿ ಹುಲ್ಲುಗಾವಲು. ಕೊಂಬು ಸುರುಳಿ ಸುತ್ತಿಕೊಂಡ ಬನ್ನಿ ಎಮ್ಮೆಗಳು, ‘ಭೂಂಗಾ’ ಎಂಬ ದುಂಡನೆಯ ಮಣ್ಣಿನ ಮನೆಗಳು, ಕನ್ನಡಿ ಚೂರು ಕೂರಿಸಿದ ಕಸೂತಿಯ ಲಂಗ ತೊಟ್ಟ ಹೆಂಗಸರು ಕಾಣುತ್ತಾರೆ. ಖಾವಡಾ ದಾಟಿದರೆ ಕಾಲೋ ಡುಂಗರ್, ಅಂದರೆ ಕರಿಬೆಟ್ಟ. ಎತ್ತರ ಸುಮಾರು 460 ಮೀಟರ್. ನಮ್ಮ ಮಲೆನಾಡಿನವರು ಇದನ್ನು ಗುಡ್ಡವೆಂದೂ ಒಪ್ಪಲಿಕ್ಕಿಲ್ಲ. ಆದರೆ ಇಡೀ ಕಛ್‌ನಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ತುದಿಯಲ್ಲಿ ದತ್ತಾತ್ರೇಯನ ಗುಡಿ. ಪೂಜೆಯಾದ ಮೇಲೆ ಅಲ್ಲಿನ ಪ್ರಸಾದ ಮೊದಲು ಸಲ್ಲುವುದು ಕಾಡಿನ ನರಿಗಳಿಗೆ.

ಗುಡಿಯ ಪಕ್ಕ ನಿಂತು ಉತ್ತರಕ್ಕೆ ಕಣ್ಣು ಹಾಯಿಸಿದರೆ ನೆಲವೆಲ್ಲಿ ಮುಗಿಯಿತು, ಆಕಾಶವೆಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಎಲ್ಲ ಬೆಳ್ಳಗೆ. ಕೆಳಗೆ ‘ಇಂಡಿಯಾ ಬ್ರಿಜ್’ ಎಂಬ ಸೇತುವೆಯತ್ತ ಸಾಗುವ ರಸ್ತೆ. ಸಾಮಾನ್ಯ ಪ್ರವಾಸಿಗರ ದಾರಿ ಅಲ್ಲಿಗೇ ಮುಗಿಯುತ್ತದೆ. ಆಚೆ ಹೋಗಲು ವಿಶೇಷ ಅನುಮತಿ ಬೇಕು. ಆ ಬಿಳುಪಿನೊಳಗೆ ಎಲ್ಲೋ ಗಡಿಗಂಬಗಳಿವೆ. ಅವುಗಳ ಆಚೆ ಪಾಕಿಸ್ತಾನದ ಸಿಂಧ್ ಪ್ರಾಂತ.

ನೆಲವೂ ಅಲ್ಲ, ನೀರೂ ಅಲ್ಲ

ಗಡಿ ಎಂದಾಗ ವಿದ್ಯಾರ್ಥಿಗಳ ಕಣ್ಣಿಗೆ ಬರುವುದು ಭೂಪಟದ ಮೇಲಿನ ಒಂದು ಗೆರೆ. ರಣ್‌ನಲ್ಲಿ ಆ ಗೆರೆ ಎಳೆಯಲು ಗಟ್ಟಿ ನೆಲವೇ ಇಲ್ಲ. ಜೂನ್ ತಿಂಗಳಲ್ಲಿ ನೈಋತ್ಯ ಮಾರುತ ಬೀಸಿತೆಂದರೆ ಅರಬ್ಬೀ ಸಮುದ್ರದ ನೀರು ಕೊಲ್ಲಿಗಳ ಮೂಲಕ ಒಳನುಗ್ಗುತ್ತದೆ. ರಾಜಸ್ಥಾನದ ಕಡೆಯಿಂದ ಲೂನಿ, ಬನಾಸ್ ನದಿಗಳ ನೀರೂ ಬಂದು ಸೇರುತ್ತದೆ. ನಾಲ್ಕು ತಿಂಗಳು ಇಡೀ ಬಯಲು ಮೊಣಕಾಲುದ್ದದ ಕೆರೆ. ‘ಬೇಟ್’ ಎಂದು ಕರೆಯುವ ದಿಬ್ಬಗಳು ಮಾತ್ರ ದ್ವೀಪಗಳಂತೆ ತಲೆ ಎತ್ತಿಕೊಂಡಿರುತ್ತವೆ. ಆ ದಿನಗಳಲ್ಲಿ ಸಾವಿರಾರು ರಾಜಹಂಸಗಳು ಬಂದು ಕೆಸರಿನ ಗೂಡು ಕಟ್ಟಿ ಮರಿ ಮಾಡುತ್ತವೆ. ಚಳಿಗಾಲದ ಹೊತ್ತಿಗೆ ನೀರು ಆರಿ ಉಪ್ಪಿನ ಹೆಪ್ಪು ಉಳಿಯುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಹೆಪ್ಪಿನ ಅಡಿಯಲ್ಲಿ ಕೆಸರು ಹಸಿಯಾಗಿಯೇ ಇರುತ್ತದೆ. ದಾರಿ ಬಲ್ಲವರಿಲ್ಲದೆ ಇಳಿದ ಜೀಪಿನ ಚಕ್ರ ಹೂತುಕೊಳ್ಳಲು ಕ್ಷಣ ಸಾಕು.

ಪ್ರಕೃತಿಯೂ ಇಲ್ಲಿ ಭೂಪಟವನ್ನು ತಿದ್ದಿದೆ. 1819ರ ಜೂನ್ 16ರಂದು ಆದ ಭಾರೀ ಭೂಕಂಪದಲ್ಲಿ ರಣ್‌ನ ನೆಲ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಒಡ್ಡಿನಂತೆ ಮೇಲೆದ್ದಿತು. ಮನುಷ್ಯರು ಕಟ್ಟದೆ ತಾನಾಗಿ ಎದ್ದ ಆ ದಿಬ್ಬಕ್ಕೆ ಜನ ‘ಅಲ್ಲಾ ಬಂದ್’, ಅಂದರೆ ದೇವರು ಕಟ್ಟಿದ ಒಡ್ಡು ಎಂದು ಹೆಸರಿಟ್ಟರು. ಸಿಂಧೂ ನದಿಯ ಒಂದು ಕವಲಿನ ದಾರಿಗೆ ಅದು ಅಡ್ಡವಾಯಿತು. ಸಿಂದ್ರಿ ಎಂಬ ಕೋಟೆ ನೀರಿನಲ್ಲಿ ಮುಳುಗಿತು. ದಿನಕ್ಕೆ ಲಕ್ಷ ಕೋರಿ ನಾಣ್ಯದ ಆದಾಯವಿದ್ದುದರಿಂದಲೇ ಆ ಹೆಸರು ಬಂತೆಂದು ಜನ ಹೇಳುವ ಲಖ್‌ಪತ್ ಬಂದರು ಮೆಲ್ಲಗೆ ಹಾಳು ಬಿತ್ತು. ಇಂದು ಅಲ್ಲಿ ಸುಮಾರು ಏಳು ಕಿಲೋಮೀಟರ್ ಉದ್ದದ ಕೋಟೆಗೋಡೆ ಇದೆ, ಗುರುನಾನಕರ ನೆನಪಿನ ಗುರುದ್ವಾರವಿದೆ, ಜನ ಮಾತ್ರ ಬೆರಳೆಣಿಕೆಯಷ್ಟು. ಒಂದು ಕಾಲಕ್ಕೆ ಹಡಗುಗಳ ದಾರಿ ನೋಡುತ್ತಿದ್ದ ಕೋಟೆಯ ಮೇಲೆ ಈಗ ಗಡಿ ಭದ್ರತಾ ಪಡೆಯ ಜವಾನರು ನಿಂತಿದ್ದಾರೆ.

ಸರ್ದಾರ್ ಪೋಸ್ಟ್

1947ರಲ್ಲಿ ದೇಶ ಇಬ್ಭಾಗವಾದಾಗ ಸಿಂಧ್ ಪಾಕಿಸ್ತಾನಕ್ಕೆ ಹೋಯಿತು, ಕಛ್ ಭಾರತದಲ್ಲಿ ಉಳಿಯಿತು. ನಡುವಿನ ರಣ್ ಸಮುದ್ರದ ಭಾಗವಿದ್ದಂತೆ, ಆದ್ದರಿಂದ ಗಡಿ ಅದರ ಮಧ್ಯದಲ್ಲಿ ಹಾಯಬೇಕು ಎಂದು ಪಾಕಿಸ್ತಾನ ವಾದಿಸಿತು. ಅದು ನೆಲವೇ, ಹಿಂದಿನಿಂದಲೂ ಕಛ್ ಸಂಸ್ಥಾನಕ್ಕೆ ಸೇರಿದ್ದು ಎಂದು ಭಾರತ ಹೇಳಿತು. ಆಗ ಗಡಿ ಕಾಯುವ ಹೊಣೆ ಹೆಚ್ಚಾಗಿ ಆಯಾ ರಾಜ್ಯಗಳ ಸಶಸ್ತ್ರ ಪೊಲೀಸರದು. ಕಛ್‌ನಲ್ಲಿ ಅವರ ಜೊತೆಗೆ ಕೇಂದ್ರ ಮೀಸಲು ಪೊಲೀಸ್ ಪಡೆ, ಅಂದರೆ ಸಿಆರ್‌ಪಿಎಫ್‌ನ ತುಕಡಿಗಳೂ ಇದ್ದವು.

1965ರ ಮೊದಲ ತಿಂಗಳುಗಳಲ್ಲಿ ಕಂಜರ್‌ಕೋಟ್ ಎಂಬ ಹಾಳು ಕೋಟೆಯ ಸುತ್ತ ಎರಡೂ ಕಡೆಯ ಗಸ್ತು ಪಡೆಗಳು ಎದುರುಬದುರಾದವು. ಅಲ್ಲಿಯವರೆಗೂ ಅದು ಪೊಲೀಸರ ನಡುವಿನ ತಂಟೆ. ಏಪ್ರಿಲ್ 9ರ ನಸುಕಿನಲ್ಲಿ ಅದರ ಸ್ವರೂಪವೇ ಬದಲಾಯಿತು. ಪಾಕಿಸ್ತಾನ ಸೇನೆಯ ಒಂದು ಕಾಲಾಳು ಬ್ರಿಗೇಡ್ ಫಿರಂಗಿಗಳ ಬೆಂಬಲದೊಂದಿಗೆ ಸರ್ದಾರ್ ಪೋಸ್ಟ್ ಎಂಬ ಠಾಣೆಯ ಮೇಲೆ ಬಿತ್ತು. ಎದುರಿಗೆ ಇದ್ದವರು ಸಿಆರ್‌ಪಿಎಫ್‌ನ ಎರಡನೇ ಬೆಟಾಲಿಯನ್‌ಗೆ ಸೇರಿದ ಒಂದು ಸಣ್ಣ ದಳ. ಅವರು ಪೊಲೀಸರು. ಯುದ್ಧಕ್ಕೆಂದು ತರಬೇತಾದವರಲ್ಲ, ಕೈಯಲ್ಲಿದ್ದ ಆಯುಧಗಳೂ ಯುದ್ಧಕ್ಕೆ ಸಾಲುವಂಥವಲ್ಲ. ಆದರೂ ಠಾಣೆ ಬಿಟ್ಟುಕೊಡಲಿಲ್ಲ. ಆ ಕಾದಾಟದಲ್ಲಿ 34 ಪಾಕ್ ಸೈನಿಕರು ಸತ್ತರು, ನಾಲ್ವರು ಜೀವಂತ ಸೆರೆಸಿಕ್ಕರು, ತನ್ನ ಆರು ಮಂದಿ ಪ್ರಾಣ ಕೊಟ್ಟರು ಎಂದು ಸಿಆರ್‌ಪಿಎಫ್ ದಾಖಲೆ ಹೇಳುತ್ತದೆ. ಏಪ್ರಿಲ್ 9ನ್ನು ಆ ಪಡೆ ಇಂದಿಗೂ ಶೌರ್ಯ ದಿನವಾಗಿ ಆಚರಿಸುತ್ತದೆ.

ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಬ್ರಿಗೇಡಿನ ಎದುರು ಪೊಲೀಸರನ್ನು ನಿಲ್ಲಿಸಿದ ವ್ಯವಸ್ಥೆಯ ಬಗ್ಗೆ ಪ್ರಶ್ನೆ ಎದ್ದಿತು. ಆಮೇಲೆ ಭಾರತೀಯ ಸೇನೆ ರಣ್‌ಗೆ ಇಳಿಯಿತು. ಏಪ್ರಿಲ್ ಕೊನೆಯ ವಾರದಲ್ಲಿ ಪಾಕಿಸ್ತಾನ ಅಮೆರಿಕದ ಪ್ಯಾಟನ್ ಟ್ಯಾಂಕುಗಳನ್ನೂ ತಂದಿತು. ಗಸ್ತು ಪಡೆಗಳ ತಕರಾರು ಕೆಲವೇ ವಾರಗಳಲ್ಲಿ ಟ್ಯಾಂಕುಗಳ ಕಾಳಗವಾಗಿತ್ತು. ಬ್ರಿಟನ್ನಿನ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಗಿ ಜುಲೈ 1ರಿಂದ ಇಲ್ಲಿ ಕದನ ನಿಂತಿತು. ಆ ಹೊತ್ತಿಗೆ ಮಳೆಗಾಲ ಬಂದು ರಣ್ ಮುಳುಗತೊಡಗಿತ್ತು.

ಆದರೆ ಶಾಂತಿ ಬಾಳಲಿಲ್ಲ. ಅದೇ ವರ್ಷದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕಾಶ್ಮೀರ ಮತ್ತು ಪಂಜಾಬಿನಲ್ಲಿ ದೊಡ್ಡ ಯುದ್ಧವೇ ನಡೆಯಿತು. ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಅವರಿದ್ದ ಸಣ್ಣ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನ ಕಛ್‌ನ ಸುಥರಿ ಗ್ರಾಮದ ಬಳಿ ಹೊಡೆದುರುಳಿಸಿತು. ಪಂಚಾಯತ್ ರಾಜ್ಯ ವ್ಯವಸ್ಥೆಯ ಪಾಠದಲ್ಲಿ ಮಕ್ಕಳು ಓದುವ ಮೆಹ್ತಾ ಸಮಿತಿಯ ಅಧ್ಯಕ್ಷರು ಇವರೇ.

ಕಛ್ ಗಡಿಯ ವ್ಯಾಜ್ಯ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. 1968ರ ಫೆಬ್ರುವರಿ 19ರಂದು ಬಂದ ತೀರ್ಪಿನಂತೆ ವಿವಾದಿತ ಪ್ರದೇಶದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ ಸಂದಿತು. ಅಷ್ಟನ್ನಾದರೂ ಏಕೆ ಕೊಡಬೇಕು ಎಂದು ದೇಶದಲ್ಲಿ ಪ್ರತಿಭಟನೆಗಳಾದವು. ಆದರೂ ಭಾರತ ತೀರ್ಪನ್ನು ಪಾಲಿಸಿತು. ಇಂದು ರಣ್‌ನಲ್ಲಿ ನಿಂತಿರುವ ಗಡಿಕಂಬಗಳಿಗೆ ಆಧಾರ ಆ ತೀರ್ಪು.

ಮುಂದೆ ಕಾವಲುಗಾರ, ಹಿಂದೆ ಸೈನಿಕ

1965ರ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್ ಹುಟ್ಟಿತು. ರಾಜ್ಯಗಳ ಸಶಸ್ತ್ರ ಪೊಲೀಸ್ ಬೆಟಾಲಿಯನ್‌ಗಳನ್ನು ಒಟ್ಟುಗೂಡಿಸಿ ಅದನ್ನು ಕಟ್ಟಲಾಯಿತು. ಮೊದಲ ಮುಖ್ಯಸ್ಥರು ಕೆ. ಎಫ್. ರುಸ್ತುಂಜಿ. ಮಧ್ಯಪ್ರದೇಶದಲ್ಲಿ ಚಂಬಲ್ ಕಣಿವೆಯ ಡಕಾಯಿತರನ್ನು ಎದುರಿಸಿ ಪಳಗಿದ್ದ ಪೊಲೀಸ್ ಅಧಿಕಾರಿ ಅವರು.

ಗಡಿಯುದ್ದಕ್ಕೂ ಸೇನೆಯನ್ನೇ ನಿಲ್ಲಿಸಿಬಿಟ್ಟರೆ ಆಗದೇ ಎಂದು ಮಕ್ಕಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಸೈನಿಕನಿಗೆ ಕೊಡುವ ತರಬೇತಿ ಶತ್ರುವನ್ನು ಸೋಲಿಸುವುದಕ್ಕೆ. ಆದರೆ ಗಡಿಗೆ ಬರುವವರೆಲ್ಲ ಶತ್ರುಗಳಲ್ಲ. ದಾರಿ ತಪ್ಪಿದ ದನ ಕಾಯುವವನು, ಬುದ್ಧಿ ಸ್ಥಿಮಿತ ತಪ್ಪಿದವನು, ಮೀನಿನ ಹಿಂದೆ ಬಂದ ಬೆಸ್ತ, ಕಳ್ಳಸಾಗಣೆಯವನು, ಗೂಢಚಾರ, ಇವರಲ್ಲಿ ಯಾರು ಬೇಕಾದರೂ ಕತ್ತಲಲ್ಲಿ ಒಂದೇ ರೀತಿಯ ನೆರಳಾಗಿ ಕಾಣುತ್ತಾರೆ. ಅವರನ್ನು ತಡೆಯಬೇಕು, ವಿಚಾರಿಸಬೇಕು, ಸ್ಥಳೀಯ ಪೊಲೀಸರಿಗೆ ಒಪ್ಪಿಸಬೇಕು. ಗುಂಡು ಹಾರಿಸುವುದು ಕೊನೆಯ ಮಾತು. ಇದು ಅರ್ಧ ಪೊಲೀಸ್ ಕೆಲಸ, ಅರ್ಧ ಸೈನಿಕನ ಕೆಲಸ.

ಇನ್ನೊಂದು ಕಾರಣವೂ ಉಂಟು. ಎರಡು ಸೇನೆಗಳು ವರ್ಷವಿಡೀ ಮುಖಾಮುಖಿ ನಿಂತರೆ ಸಣ್ಣ ಜಗಳವೂ ಕಾಳಗವಾಗುವ ಭಯ. ಕಾವಲು ಠಾಣೆಗಳಲ್ಲೇ ಹಂಚಿಹೋದ ಸೇನೆಗೆ ಯುದ್ಧದ ಅಭ್ಯಾಸಕ್ಕೂ ಬಿಡುವು ಸಿಗುವುದಿಲ್ಲ. ಆದ್ದರಿಂದ ಶಾಂತಿಕಾಲದಲ್ಲಿ ಬಿಎಸ್‌ಎಫ್ ಮುಂದೆ, ಸೇನೆ ಹಿಂದೆ. ಬಿಎಸ್‌ಎಫ್ ಗೃಹ ಸಚಿವಾಲಯದ ಅಧೀನ, ಸೇನೆ ರಕ್ಷಣಾ ಸಚಿವಾಲಯದ ಅಧೀನ. ಯುದ್ಧ ಬಂತೆಂದರೆ ಬಿಎಸ್‌ಎಫ್ ಸೇನೆಯ ಹತೋಟಿಯಲ್ಲಿ ಕೆಲಸ ಮಾಡುತ್ತದೆ. ಕಾಶ್ಮೀರದ ನಿಯಂತ್ರಣ ರೇಖೆಯಲ್ಲಿ ಮಾತ್ರ ಶಾಂತಿಕಾಲದಲ್ಲೂ ಸೇನೆಯೇ ಮುಂಚೂಣಿಯಲ್ಲಿದೆ. ಅದು ಎರಡೂ ದೇಶಗಳು ಒಪ್ಪಿದ ಅಂತರರಾಷ್ಟ್ರೀಯ ಗಡಿಯಲ್ಲ, ಕದನ ನಿಂತ ರೇಖೆ.

ಕಾರ್ಗಿಲ್ ಯುದ್ಧದ ನಂತರ, 2001ರಲ್ಲಿ, ಸಚಿವರ ತಂಡವೊಂದು ‘ಒಂದು ಗಡಿಗೆ ಒಂದು ಪಡೆ’ ಎಂಬ ಸೂತ್ರವನ್ನು ಮುಂದಿಟ್ಟಿತು. ಅದರಂತೆ ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಗಡಿಗೆ ಬಿಎಸ್‌ಎಫ್, ಚೀನಾ ಗಡಿಗೆ ಇಂಡೋ–ಟಿಬೆಟನ್ ಗಡಿ ಪೊಲೀಸ್, ನೇಪಾಳ ಮತ್ತು ಭೂತಾನ್ ಗಡಿಗೆ ಸಶಸ್ತ್ರ ಸೀಮಾ ಬಲ, ಮ್ಯಾನ್ಮಾರ್ ಗಡಿಗೆ ಅಸ್ಸಾಂ ರೈಫಲ್ಸ್. ಬೆಂಗಳೂರಿನ ಯಲಹಂಕದಲ್ಲಿ ಬಿಎಸ್‌ಎಫ್‌ನ ತರಬೇತಿ ಕೇಂದ್ರವಿರುವುದು ನಗರದ ಎಷ್ಟೋ ಜನರಿಗೆ ಗೊತ್ತಿಲ್ಲ. ಸಮುದ್ರವೂ ಮರುಭೂಮಿಯೂ ಕಾಣದ ಆ ಊರಿನಲ್ಲಿ ಕಲಿತವರು ರಣ್‌ನ ಠಾಣೆಗಳಿಗೂ ಹೋಗಬೇಕಾಗುತ್ತದೆ.

ಹೆಜ್ಜೆ ಓದುವವರು

ಬಯಲಿನಲ್ಲಿ ಬಿಸಿಲ್ಗುದುರೆ ಕಣ್ಣನ್ನು ಮೋಸಗೊಳಿಸುತ್ತದೆ. ದೂರದ ಪೊದೆ ಮರದಂತೆ, ನರಿ ಒಂಟೆಯಂತೆ ಕಾಣುವುದುಂಟು. ಇಂಥ ಕಡೆ ದುರ್ಬೀನಿಗಿಂತ ಹೆಚ್ಚು ನೆರವಾಗುವವರು ‘ಪಗಿ’ಗಳು. ಪಗ್ ಎಂದರೆ ಪಾದ. ಹೆಜ್ಜೆ ಗುರುತು ನೋಡಿ ಹೋದವರು ಎಷ್ಟು ಮಂದಿ, ಹೊರೆ ಹೊತ್ತಿದ್ದರೇ, ಹಾದು ಎಷ್ಟು ಹೊತ್ತಾಯಿತು ಎಂದು ಅಂದಾಜು ಹೇಳಬಲ್ಲ ಹಳ್ಳಿಗರು ಇವರು. ದನಗಳ್ಳರನ್ನು ಹಿಡಿಯಲು ಬೆಳೆದುಬಂದ ವಿದ್ಯೆ ಗಡಿ ಕಾವಲಿಗೂ ಒದಗಿತು. ಬನಾಸ್‌ಕಾಂಠಾ ಜಿಲ್ಲೆಯ ರಣಛೋಡ್ ರಬಾರಿ 1965 ಮತ್ತು 1971ರ ಯುದ್ಧಗಳಲ್ಲಿ ಸೇನೆಗೆ ದಾರಿ ತೋರಿಸಿ ‘ರಣಛೋಡ್ ಪಗಿ’ ಎಂದೇ ಹೆಸರಾದರು. ಅವರು 2013ರಲ್ಲಿ ತೀರಿಕೊಂಡರು. ಬಿಎಸ್‌ಎಫ್ ತನ್ನ ಒಂದು ಗಡಿಠಾಣೆಗೆ ಅವರ ಹೆಸರಿಟ್ಟಿದೆ. ಈಗ ಬೇಲಿ, ದೀಪ, ಕ್ಯಾಮೆರಾ ಬಂದಿವೆ. ಆದರೂ ಪಶ್ಚಿಮದ ಗಡಿಯಲ್ಲಿ ಬೇಲಿಯ ಪಕ್ಕದ ಮಣ್ಣನ್ನು ಸಮ ಮಾಡಿಟ್ಟು ಬೆಳಿಗ್ಗೆ ಎದ್ದು ಹೆಜ್ಜೆ ಹುಡುಕುವ ಪದ್ಧತಿ ಹೋಗಿಲ್ಲ.

ರಣ್‌ನಿಂದ ಪಶ್ಚಿಮಕ್ಕೆ ಸಾಗಿದಂತೆ ಗಡಿ ಕೊಲ್ಲಿಗಳ ಕೆಸರಿಗೆ ಇಳಿಯುತ್ತದೆ. ಇಲ್ಲಿನ 96 ಕಿಲೋಮೀಟರ್ ಉದ್ದದ ಸರ್ ಕ್ರೀಕ್ ವಿವಾದ ಇನ್ನೂ ಬಗೆಹರಿದಿಲ್ಲ. ಗಡಿ ನೀರಿನ ನಟ್ಟನಡುವೆ ಎಂದು ಭಾರತ, ಪೂರ್ವದ ದಡದಲ್ಲಿ ಎಂದು ಪಾಕಿಸ್ತಾನ. ಎರಡೂ ಕಡೆಯವರು ತೋರಿಸುವುದು 1914ರ ಅದೇ ಒಂದು ಕಾಗದವನ್ನು. ಸರ್ ಕ್ರೀಕ್‌ನ ಸಮೀಪದಲ್ಲೇ ‘ಹರಾಮಿ ನಾಲಾ’ ಎಂಬ ಇನ್ನೊಂದು ಕಾಲುವೆ. ಉಬ್ಬರವಿಳಿತಕ್ಕೆ ಪಾತ್ರ ಬದಲಿಸುತ್ತಾ ಹೋಗುವ ಈ ನೀರಿಗೆ ಹೆಸರೇ ಬೈಗುಳ. ಇಲ್ಲಿ ಜೀಪು ಹೋಗದು, ಎಲ್ಲ ಕಡೆ ದೋಣಿಯೂ ಹೋಗದು. ಸೊಂಟದುದ್ದದ ಕೆಸರಿನಲ್ಲಿ ನಡೆದು ಗಸ್ತು ಮಾಡಬೇಕು. 2024ರ ಜುಲೈನಲ್ಲಿ ಹೀಗೆ ಗಸ್ತಿಗೆ ಹೋದ ಒಬ್ಬ ಅಧಿಕಾರಿ ಮತ್ತು ಒಬ್ಬ ಜವಾನ ಬಿಸಿಲಿನ ಹೊಡೆತಕ್ಕೆ ಪ್ರಾಣ ಬಿಟ್ಟರು. ಗುಂಡು ಹಾರಿರಲಿಲ್ಲ, ಶತ್ರು ಎದುರಾಗಿರಲಿಲ್ಲ. ನಾವು ‘ರಣಬಿಸಿಲು’ ಎನ್ನುತ್ತೇವಲ್ಲ, ಅದು ಇಲ್ಲಿ ಬರಿಯ ಮಾತಲ್ಲ.

ಈ ಕೊಲ್ಲಿಗಳಲ್ಲಿ ಖರಾಯಿ ಜಾತಿಯ ಒಂಟೆಗಳು ಈಜಿಕೊಂಡು ಹೋಗಿ ಕಾಂಡ್ಲಾ ಗಿಡದ ಎಲೆ ಮೇಯುತ್ತವೆ. ಮೀನು, ಏಡಿ ಹೇರಳ. ಅವುಗಳ ಆಸೆಗೆ ಬರುವ ಬೆಸ್ತರಿಗೆ ನೀರಿನ ಮೇಲೆ ಗಡಿ ಕಾಣುವುದಿಲ್ಲ. ಈಚೆ ಬಂದವರನ್ನು ಬಿಎಸ್‌ಎಫ್ ಹಿಡಿಯುತ್ತದೆ, ಸಮುದ್ರದಲ್ಲಿ ಆಚೆ ಹೋದ ಸೌರಾಷ್ಟ್ರದ ಬೆಸ್ತರನ್ನು ಪಾಕಿಸ್ತಾನದ ಕಡಲ ಪಡೆ ಹಿಡಿಯುತ್ತದೆ. ಹಾಗೆಂದು ಕಣ್ಣು ಮುಚ್ಚಿಕೊಳ್ಳುವಂತೆಯೂ ಇಲ್ಲ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದ ಉಗ್ರರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಸಮುದ್ರದಲ್ಲಿ ವಶಪಡಿಸಿಕೊಂಡೇ ಬಂದಿದ್ದರು. ಹಿಡಿದವನು ಬೆಸ್ತನೇ ಅಲ್ಲವೇ ಎಂದು ತಿಳಿಯುವವರೆಗೆ ಅವನ ಮನೆಯವರು ಕಾಯಬೇಕು. ಕೆಲವರದು ವರ್ಷಗಟ್ಟಲೆ ಕಾಯುವಿಕೆ. ಮನುಷ್ಯ ಮರಳಿದರೂ ದೋಣಿ ಮರಳುವುದು ಅಪರೂಪ. 2008ರ ಒಪ್ಪಂದದಂತೆ ಪ್ರತಿವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮ ವಶದಲ್ಲಿರುವ ಕೈದಿಗಳ, ಬೆಸ್ತರ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕರಾವಳಿಯ ಎಷ್ಟೋ ಮನೆಗಳು ಆ ಎರಡು ದಿನಗಳನ್ನು ಎಣಿಸುತ್ತಿರುತ್ತವೆ.

ಮಾಧಾಪರ್ ಹೆಂಗಸರು

ಕಾವಲಿನಿಂದ ಕೆಲಸವಾಗದ ಹೊತ್ತೂ ಬರುತ್ತದೆ. 1971ರ ಡಿಸೆಂಬರ್ ಅಂಥದ್ದು. ಆಗ ಬಿಎಸ್‌ಎಫ್ ಸೇನೆಯೊಂದಿಗೆ ಸೇರಿ ಹೋರಾಡಿತು. ರಣ್‌ನ ಆಚೆಯ ನಗರಪಾರ್ಕರ್ ಪ್ರದೇಶ ಭಾರತದ ವಶವಾಯಿತು. 1972ರ ಸಿಮ್ಲಾ ಒಪ್ಪಂದದ ನಂತರ ಅದನ್ನು ಹಿಂದಿರುಗಿಸಲಾಯಿತು.

ಅದೇ ಯುದ್ಧದಲ್ಲಿ ಪಾಕಿಸ್ತಾನದ ಬಾಂಬುಗಳು ಭುಜ್ ವಿಮಾನ ನಿಲ್ದಾಣದ ಓಡುದಾರಿಯನ್ನು ಹಾಳುಗೆಡವಿದವು. ರಿಪೇರಿಗೆ ಕೂಲಿಯಾಳುಗಳಿರಲಿಲ್ಲ. ಪಕ್ಕದ ಮಾಧಾಪರ್ ಗ್ರಾಮದ ಸುಮಾರು 300 ಹೆಂಗಸರು ಮುಂದೆ ಬಂದರು. ಸೈರನ್ ಕೂಗಿದಾಗ ಪೊದೆಗಳಲ್ಲಿ ಅಡಗುವುದು, ನಿಂತಾಗ ಮತ್ತೆ ಬಾಂಡಲಿ ಹೊರುವುದು. ಮೂರು ದಿನಗಳಲ್ಲಿ ಓಡುದಾರಿ ಸಿದ್ಧವಾಗಿ ವಿಮಾನಗಳು ಹಾರಿದವು. ಭುಜ್‌ಗೆ ಹೋದವರು ಮಾಧಾಪರ್‌ನಲ್ಲಿರುವ ಅವರ ಸ್ಮಾರಕವನ್ನು ನೋಡದೆ ಬರಬಾರದು. ವಾಯುಪಡೆ, ಸೇನೆ, ಬಿಎಸ್‌ಎಫ್ ಎಲ್ಲವೂ ಇದ್ದ ಕಡೆಯಲ್ಲಿ ಊರಿನವರೂ ಬೇಕಾದರು.

ಹೋಗುವವರಿಗೆ

ಮಕ್ಕಳಿಗೆ ಗಡಿ ತೋರಿಸಬೇಕೆನ್ನುವವರಿಗೆ ಸುಲಭದ ಜಾಗ ನಡಾಬೇಟ್. ಇದು ಕಛ್‌ನಲ್ಲಲ್ಲ, ಪೂರ್ವಕ್ಕೆ ಬನಾಸ್‌ಕಾಂಠಾ ಸೀಮೆಯ ಸುಯಿಗಾಂ ಬಳಿ ರಣ್‌ನ ಅಂಚಿನಲ್ಲಿದೆ. ನಡೇಶ್ವರಿ ದೇವಿಯ ಗುಡಿಯಿರುವ ಈ ಸ್ಥಳದಲ್ಲಿ 2022ರ ಏಪ್ರಿಲ್‌ನಲ್ಲಿ ‘ಸೀಮಾ ದರ್ಶನ್’ ಕೇಂದ್ರ ಆರಂಭವಾಯಿತು. ಹಳೆಯ ಟ್ಯಾಂಕು, ಫಿರಂಗಿ, ವಿಮಾನಗಳನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಸಂಜೆ ಬಿಎಸ್‌ಎಫ್ ಜವಾನರ ಕವಾಯತು ಇರುತ್ತದೆ. ಬಿಳಿ ರಣ್ ನೋಡಲು ಭುಜ್‌ನಿಂದ ಧೋರ್ಡೋ ಗ್ರಾಮಕ್ಕೆ ಹೋಗಬೇಕು. ಅದಕ್ಕೆ ಪರವಾನಗಿ ಪಡೆಯಬೇಕಾದ್ದರಿಂದ ಗುರುತಿನ ಚೀಟಿ ಜೊತೆಗಿರಲಿ.

ಕರ್ನಾಟಕದವರು ಅಹಮದಾಬಾದ್ ತಲುಪಿ ಅಲ್ಲಿಂದ ರೈಲು ಅಥವಾ ಬಸ್ಸಿನಲ್ಲಿ ಭುಜ್‌ಗೆ ಹೋಗಬಹುದು. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ರಾತ್ರಿ ಚಳಿ ಜೋರು, ಬೆಚ್ಚನೆಯ ಬಟ್ಟೆ ಬೇಕು. ಗಡಿಯಲ್ಲಿ ಉದ್ವಿಗ್ನತೆ ಇದ್ದಾಗ ಪ್ರವಾಸಿಗರಿಗೆ ಪ್ರವೇಶ ನಿಲ್ಲಿಸುತ್ತಾರೆ, ಆದ್ದರಿಂದ ಹೊರಡುವ ಮೊದಲು ವಿಚಾರಿಸುವುದು ಮೇಲು. ಠಾಣೆ, ಬೇಲಿ, ಸೇತುವೆಗಳ ಚಿತ್ರ ತೆಗೆಯುವ ಮುನ್ನ ಕಾವಲಿನವರ ಒಪ್ಪಿಗೆ ಕೇಳಬೇಕು. ನಡಾಬೇಟ್‌ನಲ್ಲಿ ಮಕ್ಕಳು ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲಿ. ಅದರ ಜೊತೆಗೆ ಅಲ್ಲಿನ ಜವಾನರ ಬಳಿ ಮಳೆಗಾಲದಲ್ಲಿ ಗಸ್ತು ಹೇಗೆ, ಕುಡಿಯುವ ನೀರು ಎಲ್ಲಿಂದ, ಮನೆಗೆ ಹೋಗಿ ಎಷ್ಟು ದಿನವಾಯಿತು ಎಂದೂ ಎರಡು ಮಾತು ಕೇಳಲಿ.